ಬರೆದವನೊಬ್ಬ, ಕಂಡರಿಸಿದವನೊಬ್ಬ: ‘ಬರೆ’ ಪದದ ಬೆನ್ನು ಹತ್ತಿ

ಶಾಸನದ ಕೊನೆಯ ಸಾಲನ್ನು ನಮ್ಮಲ್ಲಿ ಹೆಚ್ಚಿನವರು ಓದುವುದೇ ಇಲ್ಲ. ಅರಸ ಯಾರು, ವರ್ಷ ಯಾವುದು, ಯಾವ ಊರನ್ನು ಬಿಟ್ಟುಕೊಟ್ಟರು, ಇಷ್ಟು ಸಿಕ್ಕರೆ ಸಾಕು ಅಂತ ಪುಸ್ತಕ ಮುಚ್ಚುತ್ತೇವೆ. ಅಷ್ಟು ಹೊತ್ತಿಗೆ ಶಾಪಾಶಯದ ಶ್ಲೋಕಗಳು ಬಂದು ಕಣ್ಣು ಬಳಲಿರುತ್ತದೆ, ಅದೂ ನಿಜ. ಆದರೆ ನನ್ನಂಥ ಎಂಜಿನಿಯರಿಗೆ ಆ ಕೊನೆಯ ಸಾಲೇ ಮೊದಲು ಕಣ್ಣಿಗೆ ಬೀಳುತ್ತದೆ. ಯಾಕಂದ್ರೆ ಅಲ್ಲಿರುವುದು ಕೆಲಸ ಮಾಡಿದವರ ಹೆಸರು. ನಮ್ಮ ಡ್ರಾಯಿಂಗ್ ಹಾಳೆಗಳ ಬಲಮೂಲೆಯಲ್ಲಿ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಅಂತ ಚೌಕಗಳಿರುತ್ತವಲ್ಲ, ಹೆಚ್ಚುಕಡಿಮೆ ಹಾಗೆಯೇ.

ಒಂದು ಉದಾಹರಣೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಮೇಘಚಂದ್ರ ತ್ರೈವಿದ್ಯದೇವರ ನಿಸಿದಿ ಶಾಸನವಿದೆ. ಕಾಲ 1115. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿ ಮಾಡಿಸಿದ್ದು. ಅದರ ಕೊನೆಗೆ ಇಬ್ಬರ ಹೆಸರು ಬರುತ್ತದೆ. ಬರೆದವನು ಚಾವರಾಜ, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯ. ಕಂಡರಿಸಿದವನು ಗಂಗಾಚಾರಿ, ‘ಬಿರುದ ರೂವಾರಿ ಮುಖತಿಳಕ’ ಎಂಬ ಬಿರುದಿನವನು. ಇಬ್ಬರು ಮನುಷ್ಯರು, ಎರಡು ಕ್ರಿಯಾಪದಗಳು. ಇದು ಒಂದೆರಡು ಶಾಸನದ ಮಾತಲ್ಲ. ಕರ್ನಾಟಕದ ಉದ್ದಗಲಕ್ಕೂ ಈ ಜೋಡಿ ಸಿಗುತ್ತದೆ. ವಿಜಯನಗರದ ತಾಮ್ರಪಟಗಳಿಗೆ ಬಂದರೆ ಪದ್ಯ ಕಟ್ಟಿದವನು ಸಭಾಪತಿ, ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ. ಅಲ್ಲಂತೂ ಮೂರನೆಯ ಗುರುತೂ ಉಂಟು: ನಂದಿನಾಗರಿ ಲಿಪಿಯಲ್ಲಿರುವ ಪಟದ ಕೊನೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಅನ್ನುವ ಅರಸರ ಒಪ್ಪ.

ಹಾಗಾದರೆ ‘ಬರೆದ’ ಅಂದರೆ ಏನು ಮಾಡಿದ? ಕಲ್ಲಿನ ಮೇಲೆ ನಮಗೆ ಇವತ್ತು ಕಾಣುವ ಒಂದೇ ಒಂದು ಗೆರೆಯೂ ಚಾವರಾಜನ ಕೈಯದ್ದಲ್ಲ. ನಯಗೊಳಿಸಿದ ಕಲ್ಲಿನ ಮೇಲೆ ಅವನು ಸುಣ್ಣದಲ್ಲೋ ಕಾವಿಯಲ್ಲೋ ಅಕ್ಷರಗಳನ್ನು ಮೂಡಿಸಿಕೊಟ್ಟ, ಅಥವಾ ಓಲೆಯಲ್ಲಿ ಬರೆದುಕೊಟ್ಟ. ಗಂಗಾಚಾರಿ ಆ ಗೆರೆಗಳ ಮೇಲೆ ಉಳಿ ಓಡಿಸಿದ. ಉಳಿ ಓಡುತ್ತಿದ್ದ ಹಾಗೆ ಚಾವರಾಜನ ಬರಹ ಪುಡಿಯಾಗಿ ಉದುರಿಹೋಯಿತು. ಅಂದರೆ, ಶಾಸನದ ಒಳಗಿನ ಲೆಕ್ಕದಲ್ಲಿ ‘ಬರೆ’ ಅನ್ನುವುದು ಅಳಿಯುವ ಭಾಗದ ಹೆಸರು. ಉಳಿಯುವ ಭಾಗದ ಹೆಸರು ‘ಕಂಡರಣೆ’. ಇವತ್ತು ನಾವು ಇಡೀ ಕಲ್ಲನ್ನು ‘ಕಲ್ಬರಹ’ ಅಂತೀವಿ. ಗಂಗಾಚಾರಿ ಕೇಳಿಸಿಕೊಂಡಿದ್ದರೆ ಸ್ವಲ್ಪ ಸಿಟ್ಟಾಗುತ್ತಿದ್ದನೇನೋ.

ಇನ್ನು ಪದದ ಹುಟ್ಟಿಗೆ ಬರೋಣ. ಅದಕ್ಕೆ ದೂರ ಹೋಗಬೇಕಿಲ್ಲ, ಬಿಟಿಎಂ ಬಡಾವಣೆಯ ಪಕ್ಕದ ಮಡಿವಾಳಕ್ಕೆ ಹೋದರೆ ಸಾಕು. ಅಲ್ಲಿನ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ ತಮಿಳು ಶಾಸನಗಳಿವೆ. 1247ರದ್ದರಲ್ಲಿ ವೇಪ್ಪೂರಿನವನೊಬ್ಬ ಕೊಟ್ಟ ಭೂಮಿಯ ಪ್ರಸ್ತಾಪವಿದೆ, ವೆಂಗಳೂರಿನ ದೊಡ್ಡ ಕೆರೆಯ ಮಾತಿದೆ. ವೇಪ್ಪೂರು ಅಂದರೆ ನಮ್ಮ ಬೇಗೂರು. ವೆಂಗಳೂರು ಯಾವುದು ಅಂತ ಹೇಳಬೇಕಾಗಿಲ್ಲ. ಇದೇ ಊರನ್ನು ಬೇಗೂರಿನ ಸುಮಾರು 890ರ ಕನ್ನಡ ವೀರಗಲ್ಲು ‘ಬೆಂಗಳೂರು’ ಅಂತಲೇ ಬರೆದಿದೆ. ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರ ಆಗುತ್ತದೆ. ವಿಲ್–ಬಿಲ್ಲು, ವಿರಲ್–ಬೆರಳು, ವೇರ್–ಬೇರು. ಈ ಸಾಲಿಗೆ ಸೇರುವ ಇನ್ನೊಂದು ಜೋಡಿ ವರೈ–ಬರೆ. ಮಲಯಾಳದಲ್ಲಿ ‘ವರ’, ತೆಲುಗಿನಲ್ಲಿ ‘ವ್ರಾಯು’ (ಆಡುಮಾತಿನಲ್ಲಿ ವಕಾರ ಬಿದ್ದುಹೋಗಿ ‘ರಾಯು’), ತುಳುವಿನಲ್ಲಿ ನಮ್ಮ ಹಾಗೇ ಬಕಾರ. ಎಲ್ಲವೂ ಒಂದೇ ಮನೆಯವು.

ಈ ಮನೆಯವರ ಮೂಲ ಅರ್ಥ ಅಕ್ಷರ ಅಲ್ಲ, ಗೆರೆ. ತಮಿಳರು ಇವತ್ತಿಗೂ ಚಿತ್ರ ಬಿಡಿಸುವುದಕ್ಕೆ ‘ವರೈ’ ಅನ್ನುತ್ತಾರೆ, ಅಕ್ಷರ ಬರೆಯುವುದಕ್ಕೆ ‘ಎೞುದು’ ಅನ್ನುತ್ತಾರೆ. ಮಲಯಾಳದಲ್ಲೂ ‘ವರ’ ಅಂದರೆ ಗೆರೆ, ರೇಖಾಚಿತ್ರ. ಕನ್ನಡದವರು ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡೆವು: ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನ್ನ ಮಗಳಿಗೆ ‘ಚಿತ್ರ ಬರೆದೆ’ ಅನ್ನುವುದು ತಪ್ಪು ಪ್ರಯೋಗದಂತೆ ಕೇಳುತ್ತದೆ. ತಪ್ಪೇನೂ ಅಲ್ಲ, ಅದು ಪದದ ಹಳೆಯ ಅರ್ಥ. ಅಕ್ಷರ ಆಮೇಲೆ ಬಂದ ಬಾಡಿಗೆದಾರ.

ಬೇರೆ ಭಾಷೆಗಳ ಕಥೆಯೂ ಹೀಗೇ ಇದೆ. ಸಂಸ್ಕೃತದ ‘ಲಿಖ್’ ಮೊದಲು ಗೀರುವುದು, ಕೆರೆಯುವುದು. ಗ್ರೀಕಿನ ‘ಗ್ರಾಫೈನ್’ ಕೂಡ ಗೀರುವುದೇ. ನಾವು ನಮ್ಮ ಹವ್ಯಾಸಕ್ಕೆ ಎಪಿಗ್ರಫಿ ಅಂತ ಹೇಳಿಕೊಳ್ಳುವಾಗ ಬಾಯಲ್ಲಿ ಬರುವುದು ಆ ಗೀರುವಿಕೆಯೇ. ಇಂಗ್ಲಿಷಿನ ‘ರೈಟ್’ ಸಹ ಹಳೆಯ ಕಾಲದಲ್ಲಿ ಗೀರುವುದಾಗಿತ್ತು. ಕನ್ನಡದಲ್ಲಿ ಗೀರು, ಗೀಚು, ಗೆರೆ ಅನ್ನುವ ಗುಂಪೇ ಬೇರೆ ಇದೆ, ಆದರೂ ಬರೆಯುವ ಕೆಲಸದ ಮುಖ್ಯ ಪಟ್ಟ ‘ಬರೆ’ಗೇ ಹೋಯಿತು.

ಇಲ್ಲಿ ಒಂದು ತೊಡಕು ಇದೆ, ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಶಾಸನದಲ್ಲಿ ‘ಬರೆ’ ಅಳಿಯುವ ಗೆರೆ ಅಂದೆ. ಆದರೆ ನಮ್ಮ ಹಳ್ಳಿಯ ಮಾತಿನಲ್ಲಿ ‘ಬರೆ’ ಅಂದರೆ ಜನ್ಮಪೂರ್ತಿ ಹೋಗದ ಕಲೆ. ಕಾದ ಕಬ್ಬಿಣದಿಂದ ದನಕ್ಕೆ ಹಾಕುವುದು ಬರೆ. ಕಾಮಾಲೆಗೆ ಅಂತ ಕೈಮೇಲೆ ಬರೆ ಹಾಕಿಸಿಕೊಂಡ ಹಿರಿಯರನ್ನು ನೀವೂ ನೋಡಿರಬಹುದು. ಐವತ್ತು ವರ್ಷದ ಮೇಲೂ ಆ ಗುರುತು ತೋಳಿನ ಮೇಲೆ ಹಾಗೇ ಇರುತ್ತದೆ. ಹಣೆಬರಹವಂತೂ ಸರಿಯೇ, ಬ್ರಹ್ಮ ಬರೆದದ್ದನ್ನು ಯಾರೂ ಒರೆಸಲಾರರು ಅನ್ನುವುದೇ ಆ ಪದದ ಪ್ರಾಣ. ಹಾಗಿದ್ದರೆ ಒಂದೇ ಪದ ಅಳಿಯುವುದಕ್ಕೂ ಅಳಿಯದ್ದಕ್ಕೂ ಹೇಗೆ ಬಂತು?

ಉತ್ತರ ಒಂದು ಗಾದೆಯಲ್ಲೇ ಇದೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅಂತೀವಲ್ಲ. ಹುಲಿಯ ಮೈಮೇಲಿರುವುದು ಪಟ್ಟೆ, ಗೆರೆ. ನರಿ ಹಾಕಿಕೊಂಡದ್ದು ಸುಟ್ಟ ಗಾಯ. ಗಾದೆಯ ಕುಚೋದ್ಯ ಕೆಲಸ ಮಾಡುವುದೇ ಆ ಎರಡೂ ‘ಬರೆ’ ಆಗಿರುವುದರಿಂದ. ಅಂದರೆ ಪದ ಹೇಳುತ್ತಿರುವುದು ಬಾಳಿಕೆಯನ್ನಲ್ಲ, ಎಳೆದ ಎಳೆಯನ್ನು. ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಮೈ ಯಾವುದು, ಸಲಕರಣೆ ಯಾವುದು ಅನ್ನುವುದು. ಚರ್ಮದ ಮೇಲೆ ಕಾದ ಕಬ್ಬಿಣವಾದರೆ ಒಂದು ಆಯುಷ್ಯ, ಕಲ್ಲಿನ ಮೇಲೆ ಕಾವಿಯಾದರೆ ಒಂದು ಮಳೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ‘ಬರೆ’ ಆಕಾರದ ಹೆಸರು. ಸಾಮಗ್ರಿಯ ಗುಣ ಅದರೊಳಗಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪು ಹಲಗೆಯಂತೆ ಮಾಡಿ, ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದ ವಸ್ತು ಅದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಒರೆಸಲೆಂದೇ ಮಾಡಿದ ವಸ್ತುವಿನ ಹೆಸರು ಇವತ್ತು ಸರ್ಕಾರಿ ಕಚೇರಿಯಲ್ಲಿ ಶಾಶ್ವತ ದಾಖಲೆಯ ಹೆಸರಾಗಿದೆ. (ಕಡತ ಕಾಣೆಯಾಗುವ ಸುದ್ದಿ ಓದಿದಾಗಲೆಲ್ಲ ನನಗೆ ಮೂಲ ಅರ್ಥವೇ ಸರಿ ಅನ್ನಿಸುವುದುಂಟು.)

‘ಕಂಡರಿಸು’ ವಿಷಯ ಬೇರೆ. ಅದರಲ್ಲಿ ಕಡಿಯುವುದು ಇದೆ, ತುಂಡು ಇದೆ. ‘ಕಂಡ’ ಅಂದರೆ ತುಂಡು, ಮಾಂಸದ ಕಂಡ ಅನ್ನುವಾಗ ಬರುವುದು. ಶಾಸನಗಳಲ್ಲಿ ಖಕಾರದಿಂದ ‘ಖಂಡರಿಸಿದ’ ಅಂತಲೂ ಬರೆದಿರುತ್ತಾರೆ. ಬರೆಯುವವನು ಮೈಮೇಲೆ ಏನನ್ನೋ ಸೇರಿಸುತ್ತಾನೆ, ಕಂಡರಿಸುವವನು ಮೈಯಿಂದ ಏನನ್ನೋ ತೆಗೆಯುತ್ತಾನೆ. ಹಳಗನ್ನಡ ಕವಿಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಯಾರಾದರೂ ಬೆರಗಾಗಿ ನಿಂತರೆ ಅವರನ್ನು ಬರೆದ ಚಿತ್ರಕ್ಕೆ, ಕಂಡರಿಸಿದ ಬೊಂಬೆಗೆ ಬೇರೆಬೇರೆಯಾಗಿ ಹೋಲಿಸುತ್ತಾರೆ. ಇಷ್ಟು ಖಚಿತವಾದ ಪದ ನಮ್ಮ ಬಾಯಿಂದ ಹೊರಟೇಹೋಯಿತು. ‘ಕೆತ್ತು’ ಅದರ ಜಾಗ ಹಿಡಿಯಿತು. ಆದರೆ ಕೆತ್ತನೆಯಲ್ಲಿ ಬಾಗಿಲ ಚೌಕಟ್ಟಿನ ಹೂಬಳ್ಳಿಯೂ ಸೇರುತ್ತದೆ, ಅಕ್ಷರಕ್ಕೆಂದೇ ಮೀಸಲಲ್ಲ.

ಎಲ್ಲ ಶಾಸನಗಳೂ ಈ ಎರಡು ಕೆಲಸಗಳನ್ನು ಇಷ್ಟು ಚೊಕ್ಕವಾಗಿ ಬೇರೆ ಮಾಡುತ್ತವೆ ಅಂತ ತಿಳಿಯಬೇಡಿ. ತಾಳಗುಂದದ ಕದಂಬ ಶಾಸನದಲ್ಲಿ ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಅನ್ನುತ್ತಾನೆ, ಸಂಸ್ಕೃತದ ‘ಲಿಖ್’ ಧಾತುವಿನಲ್ಲಿ. ಉಳಿ ಹಿಡಿದನೇ, ಕುಂಚ ಹಿಡಿದನೇ? ಅಷ್ಟು ಸೊಗಸಾದ ಛಂದಸ್ಸಿನ ಆಸ್ಥಾನಕವಿ ಸ್ತಂಭದ ಮುಂದೆ ಕೂತು ಸುತ್ತಿಗೆ ಹೊಡೆದಿರಲಾರ, ಅಕ್ಷರ ಬರೆದುಕೊಟ್ಟಿರಬೇಕು ಅನ್ನುವ ಕಡೆಗೇ ನನ್ನ ಮತ. ಗಂಗರ ತಾಮ್ರಪಟಗಳಲ್ಲಿ ಇದಕ್ಕೆ ಉಲ್ಟಾ: ವಿಶ್ವಕರ್ಮಾಚಾರ್ಯ ಅನ್ನುವವನು ಈ ಶಾಸನ ಬರೆದ ಅಂತ ಬರುತ್ತದೆ, ಹೆಸರು ನೋಡಿದರೆ ಅವನು ಲೋಹ ಕೊರೆಯುವ ಕುಲದವನು. ತಾಮ್ರದ ಮೇಲೆ ಗೀರುವುದೂ ಓಲೆಯ ಮೇಲೆ ಕಂಟದಿಂದ ಗೀರುವುದೂ ಹೆಚ್ಚು ದೂರವಿಲ್ಲ, ಹಾಗಾಗಿ ಒಂದೇ ಕೈ ಸಾಕಾಗುತ್ತದೆ. ಕಲ್ಲಿಗೆ ಬಂದಾಗಲೇ ಎರಡು ಕೈ, ಎರಡು ಪದ ಬೇಕಾಗುವುದು. ಅದರಲ್ಲೂ ನಮ್ಮ ಬೆಂಗಳೂರಿನ ಕಲ್ಲು! ಲಾಲ್‌ಬಾಗ್ ಬಂಡೆಯ ಜಾತಿಯ ನೈಸ್ ಶಿಲೆಯಲ್ಲಿ ಉಳಿ ಇಳಿಯುವುದೇ ಕಷ್ಟ. ಹೊಯ್ಸಳರ ಬಳಪದ ಕಲ್ಲಿನಲ್ಲಿ ಮೂಡುವ ಮುತ್ತಿನಂಥ ಅಕ್ಷರವನ್ನು ಇಲ್ಲಿ ಹುಡುಕಬಾರದು.

ನಮ್ಮ ನಾಡಿನ ಅತ್ಯಂತ ಹಳೆಯ ಬರಹಗಾರನ ಸಹಿಯೂ ಇದೇ ಜಾಗದಲ್ಲಿದೆ, ಅಂದರೆ ಕೊನೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನದಲ್ಲಿ ಚಪಡ ಅನ್ನುವವನು ತಾನು ಬರೆದೆ ಅಂತ ಹೇಳಿ, ‘ಲಿಪಿಕರ’ ಅನ್ನುವ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿಯಲ್ಲಿ ಹಾಕಿದ್ದಾನೆ. ಬಲದಿಂದ ಎಡಕ್ಕೆ ಓಡುವ ಆ ಲಿಪಿ ವಾಯವ್ಯ ಗಡಿಯದ್ದು. ಅವನ ‘ಲಿಪಿ’ ಪದವೇ ಆ ಕಡೆಯದು. ಶಹಬಾಜ್‌ಗಢಿಯ ಅಶೋಕನ ಶಾಸನದಲ್ಲಿ ಅದು ‘ದಿಪಿ’ ಎಂದೇ ಇದೆ, ಹಳೆಯ ಪರ್ಷಿಯನ್ನಿನಂತೆ. ತನ್ನ ಬರಹ ಬಹುಕಾಲ ನಿಲ್ಲಲಿ ಅಂತ ಅಶೋಕ ಸ್ತಂಭಶಾಸನಗಳಲ್ಲಿ ಬಾಯಿಬಿಟ್ಟು ಹೇಳಿದ್ದಾನೆ. ಜಯನಗರದ ಅಶೋಕಸ್ತಂಭದ ವೃತ್ತದಲ್ಲಿ ಸಿಗ್ನಲ್ಲಿಗೆ ಕಾಯುವಾಗ ನನಗೆ ನೆನಪಾಗುವುದು ಅರಸ ಅಲ್ಲ, ಈ ಚಪಡ.

‘ಶಾಸನ’ ಮತ್ತು ‘ಅಕ್ಷರ’ ಬಗ್ಗೆ ಎರಡೇ ಮಾತು. ಶಾಸನ ಅಂದರೆ ಆಜ್ಞೆ. ಕಲ್ಲು, ಅಕ್ಷರ ಎರಡೂ ಅದರಲ್ಲಿಲ್ಲ. ವಿಧಾನಸೌಧದ ಶಾಸಕರಿಗೂ ಬೇಗೂರಿನ ಕಲ್ಲಿಗೂ ಒಂದೇ ಧಾತು. ಬೇಗೂರಿನಿಂದ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಬಂದ ದೊಡ್ಡ ವೀರಗಲ್ಲಿಗೆ ಆ ಹೆಸರು ಒಪ್ಪುತ್ತದೆ, ಯಾಕಂದ್ರೆ ಅದು ಬರೀ ಸ್ಮಾರಕವಲ್ಲ: ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಸತ್ತ ಮೇಲೆ ಗಂಗ ಎರೆಯಪ್ಪರಸ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಹಕ್ಕುಪತ್ರವೂ ಹೌದು. ಇನ್ನು ‘ಅಕ್ಷರ’ಕ್ಕೆ ನಾಶವಾಗದ್ದು ಅನ್ನುವ ಅರ್ಥವಿದೆ. ಆದರೆ ವೇದದ ಕಾಲದಲ್ಲಿ ಅದು ಬಾಯಲ್ಲಿ ಹೇಳುವ ಉಚ್ಚಾರಾಂಶದ ಹೆಸರು, ಬರೆದ ಗುರುತಿನದ್ದಲ್ಲ. ಮೂಡುವ ಮೊದಲೇ ಅದಕ್ಕೆ ಅಳಿಯದ್ದು ಅನ್ನುವ ಹೆಸರು ಬಿದ್ದಿತ್ತು.

ಅಳಿಯುವ ಮಾತು ಬಂತು. ಶಾಸನಗಳಿಗೆ ತಾವು ಅಳಿಯಬಹುದು ಅನ್ನುವುದು ಗೊತ್ತಿತ್ತು. ‘ಇದನಳಿದೊಂ’ ಅಂತ ಶುರುವಾಗುವ ಶಾಪವಾಕ್ಯ ಕನ್ನಡ ಶಾಸನ ಓದುವ ಎಲ್ಲರಿಗೂ ಪರಿಚಿತ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಪಂಚಮಹಾಪಾತಕ ಇತ್ಯಾದಿ. ಇಲ್ಲಿ ‘ಇದು’ ಅಂದರೆ ದತ್ತಿ, ಧರ್ಮ. ‘ಅಳಿ’ ಅಂದರೆ ನಾಶ ಮಾಡು. ಅದೇ ‘ಅಳಿ’ ಇವತ್ತು ರಬ್ಬರಿನಿಂದ ಅಳಿಸುವುದರಲ್ಲಿದೆ, ‘ಅಚ್ಚಳಿಯದ ನೆನಪು’ ಅನ್ನುವಾಗಲೂ ಇದೆ. ಅಚ್ಚು ಒತ್ತಿದ ಗುರುತು ಅಳಿಯದ ಹಾಗೆ ಅಂತ. ಶಾಸನದವನು ದಾನವನ್ನು ಕಾಪಾಡಲು ಶಾಪ ಹಾಕಿದ. ದಾನದ ಗದ್ದೆ ಇವತ್ತು ಅಪಾರ್ಟ್‌ಮೆಂಟ್ ಆಗಿದೆ, ಕಲ್ಲಾದರೂ ಉಳಿದಿದೆ ಅನ್ನುವುದು ನಮ್ಮ ಕಾಲದ ಸ್ಥಿತಿ.

ಅದೂ ಹೇಗೆ ಉಳಿದಿದೆ ನೋಡಿ. ಜೆ.ಪಿ. ನಗರ, ಬನಶಂಕರಿ ಅಂತ ನಾವು ಕರೆಯುವ ಬಡಾವಣೆಗಳೆಲ್ಲ ಸಾರಕ್ಕಿ, ಜರಗನಹಳ್ಳಿ, ಕದಿರೇನಹಳ್ಳಿ, ಇಟ್ಟಮಡು ಥರದ ಹಳ್ಳಿಗಳ ಸುತ್ತ ಎದ್ದವು. ಇಂಥ ಒಂದು ಹಳೆಯ ಗ್ರಾಮಠಾಣೆಯ ಗುಡಿಯ ಮುಂದೆ ಶಾಸನದ ಕಲ್ಲೊಂದಿದೆ. ಯಾವುದು ಅಂತ ಹೇಳುವುದಿಲ್ಲ, ಅಲ್ಲಿಯವರು ಒಳ್ಳೆಯ ಮನಸ್ಸಿನವರು, ಕಲ್ಲಿಗೆ ದಿನಾ ಹೂವು ಇಡುತ್ತಾರೆ. ಜೀರ್ಣೋದ್ಧಾರದ ಸಮಯದಲ್ಲಿ ಅಕ್ಷರ ಎದ್ದು ಕಾಣಲಿ ಅಂತ ಕಲ್ಲಿಗೆ ಕೆಂಪು ಎನಾಮಲ್ ಹೊಡೆಸಿ, ಅಕ್ಷರದ ಗುಂಡಿಗಳಿಗೆ ಹಳದಿ ತುಂಬಿಸಿದ್ದಾರೆ. ಬಣ್ಣದವನಿಗೆ ಹಳಗನ್ನಡ ಲಿಪಿ ಬರಬೇಕು ಅಂತ ಯಾರು ನಿರೀಕ್ಷಿಸುತ್ತಾರೆ? ಕಲ್ಲಿನ ಬಿರುಕಿಗೆ ಹಳದಿ ತುಂಬಿ ಅದು ಒಂದು ಕೊಂಬಾಗಿದೆ. ಹಳೆಯ ಲಿಪಿಯಲ್ಲಿ ಮಕಾರ ವಕಾರಗಳ ಅಂತರ ಕೂದಲೆಳೆಯದು. ಸವೆದ ಮಕಾರವೊಂದು ಈಗ ನಿಚ್ಚಳ ವಕಾರ. ಆ ಒಂದಕ್ಷರದಿಂದ ದಾನಿಯ ಹೆಸರೇ ಬೇರೆಯಾಗಿದೆ. ಊರಿನ ಹುಡುಗನೊಬ್ಬ ಹಳದಿಯನ್ನೇ ಓದಿ ನನಗೆ ಆ ಹೊಸ ಹೆಸರಿನ ಕಥೆ ಹೇಳಿದ, ತುಂಬಾ ಹೆಮ್ಮೆಯಿಂದ.

ಗಂಗಾಚಾರಿಯ ಕಾಲದಲ್ಲಿ ಬರಹದ ಮೇಲೆ ಕಂಡರಣೆ ನಡೆಯಿತು. ನಾವು ಕಂಡರಣೆಯ ಮೇಲೆ ಮತ್ತೆ ಬರೆಯುತ್ತಿದ್ದೇವೆ. ಓದು ಬರುವವನು ಬರೆದು, ಓದು ಬಾರದವನೂ ಇರಬಹುದಾದ ರೂವಾರಿ ಅದನ್ನೇ ನಂಬಿ ಕೊರೆದ ಕಾಲದಲ್ಲೂ ತಪ್ಪುಗಳಾಗುತ್ತಿದ್ದವು, ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ತುರುಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಆ ತಪ್ಪೂ ದಾಖಲೆಯ ಭಾಗ. ಎನಾಮಲ್ಲಿನದ್ದು ಹಾಗಲ್ಲ, ಅದು ದಾಖಲೆಯನ್ನೇ ಮುಚ್ಚುತ್ತದೆ.

ಒಂದು ಸಮಾಧಾನ ಅಂದರೆ ಬೆಳಕಿಗೆ ಬಣ್ಣದ ಮರ್ಜಿ ಬೇಕಾಗಿಲ್ಲ. ರಾತ್ರಿ ಎಂಟರ ಮೇಲೆ, ಬೀದಿದೀಪದಿಂದ ಮರೆಯಾದ ಕಡೆಯಿಂದ ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿದಂತೆ ಹಿಡಿದರೆ ಉಳಿ ಇಳಿದ ಜಾಗದಲ್ಲಿ ನೆರಳು ಬೀಳುತ್ತದೆ, ಬರೀ ಬಣ್ಣದ ಗೆರೆಯಲ್ಲಿ ಬೀಳುವುದಿಲ್ಲ. ಆ ಮಕಾರದ ಮೇಲಿನ ಗೆರೆ ಸಿಕ್ಕಿದ್ದು ಹಾಗೆಯೇ, ನಾಲ್ಕು ಕೋನದಿಂದ ತೆಗೆದ ನಾಲ್ಕು ಫೋಟೋದಲ್ಲಿ. ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದರ ಬೆಲೆಯೂ ಇಲ್ಲೇ ಇದೆ: ಆ ಯಂತ್ರ ಅಳೆಯುವುದು ಆಳವನ್ನು. ಅದಕ್ಕೆ ಬರಹ ಕಾಣುವುದಿಲ್ಲ, ಕಂಡರಣೆ ಮಾತ್ರ ಕಾಣುತ್ತದೆ. ಆದರೆ ವರ್ಷವರ್ಷವೂ ಹಬ್ಬಕ್ಕೆ ಒಂದೊಂದು ಕೋಟು ಎನಾಮಲ್ ಏರಿದರೆ ಕೂದಲಷ್ಟೇ ಆಳ ಉಳಿದ ಗೀರು ತುಂಬಿಹೋಗುತ್ತದೆ, ಆಗ ಯಂತ್ರಕ್ಕೂ ಸಿಗದು. ಹಾಗಾಗಿ ನಿಮ್ಮ ಊರಲ್ಲಿ, ನಿಮ್ಮ ಬೀದಿಯಲ್ಲಿ ಬಣ್ಣದ ಡಬ್ಬ ತೆರೆಯುವ ಮೊದಲೇ ಹೋಗಿ ಮಾತಾಡಿ. ಹೊಡೆದಾಗಿದ್ದರೆ ಥಿನ್ನರ್, ಆಸಿಡ್, ಗ್ರೈಂಡರ್ ಯಾವುದನ್ನೂ ಹಚ್ಚಬೇಡಿ, ಅದು ತಿಳಿದವರ ಕೆಲಸ. ಓದಲಿಕ್ಕೆ ಅಂತ ಸುಣ್ಣದಪುಡಿಯನ್ನೂ ಮೈದಾವನ್ನೂ ತಿಕ್ಕಬೇಡಿ, ಟಾರ್ಚೇ ಸಾಕು.

ಕಳೆದ ತಿಂಗಳು ಮನೆಗೆ ಗ್ರಾನೈಟ್ ಹೆಸರುಫಲಕ ಮಾಡಿಸಲು ಬನಶಂಕರಿಯ ಒಂದು ಅಂಗಡಿಗೆ ಹೋಗಿದ್ದೆ. ಮೊದಲು ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಸ್ಟಿಕ್ಕರ್ ತೆಗೆದು ಕಲ್ಲಿಗೆ ಅಂಟಿಸಿದರು, ಆಮೇಲೆ ಮರಳಿನ ರಭಸದಿಂದ ಅಕ್ಷರದ ಜಾಗವನ್ನು ಕೊರೆದರು, ಕೊನೆಗೆ ಸ್ಟಿಕ್ಕರ್ ಕಿತ್ತು ಚಿನ್ನದ ಬಣ್ಣ ತುಂಬಿದರು. ಈ ಕೊರೆಯುವುದಕ್ಕೆ ನೀವು ಏನಂತೀರಿ ಅಂತ ಕೇಳಿದೆ. ‘ಕಟಿಂಗ್ ಸಾರ್’ ಅಂದರು. ಬಣ್ಣ ತುಂಬುವುದಕ್ಕೆ ‘ಫಿಲ್ಲಿಂಗ್’. ಬಣ್ಣ ಎಷ್ಟು ವರ್ಷ ಇರುತ್ತೆ ಅಂದರೆ, ಬಿಸಿಲಿಗೆ ಬಿದ್ದರೆ ಮೂರು ನಾಲ್ಕು ವರ್ಷ ಸಾರ್, ಕಟಿಂಗ್ ಮಾತ್ರ ಹೋಗಲ್ಲ, ಬೇಕಾದಾಗ ಬಂದು ಮತ್ತೆ ಫಿಲ್ಲಿಂಗ್ ಮಾಡಿಸ್ಕೊಳ್ಳಿ ಅಂದರು.